ತಿಳೀತ್ರೀ ಎಂಬ ರಾಗ

ತರಬೇತಿ ಎಂಬ ಪದ ಕಿವಿಗೆ ಬಿದ್ದರೆ ಈಗಲೂ ನನಗೆ ಮೈ ಉರಿಯುತ್ತದೆ. ಯಾಕೆಂದು ಹೇಳಬೇಕಾದರೆ ಕಮಲಾಪುರದ ನಮ್ಮ ಶಾಲೆಯ ಹಿಂದಿನ ಬೆಂಚಿನಿಂದಲೇ ಶುರು ಮಾಡಬೇಕು.

ಐದನೆಯ ತರಗತಿಗೆ ನಾನು ಗಣಿತ ಕಲಿಸುತ್ತೇನೆ. ಅದೇ ಮಕ್ಕಳಿಗೆ ಪರಿಸರ ಪಾಠ ಹೇಳುವವಳು ನನ್ನ ಗೆಳತಿ. ನಾನು ಕಲಬುರಗಿಯ ಗಾಜಿಪುರದವಳು, ಅವಳ ಮನೆ ಅಲ್ಲೇ ಕೋಟೆಯ ಹತ್ತಿರ, ಮನೆಮಾತು ದಖ್ಖನಿ ಉರ್ದು. ಅಲ್ಲಿಂದ ಕಮಲಾಪುರಕ್ಕೆ ದಿನಾ ಒಂದೇ ಬಸ್ಸಿಗೆ ಜೋತುಬಿದ್ದು ಹೋಗುತ್ತೇವೆ. ಭಿನ್ನರಾಶಿ ಎಷ್ಟು ಸಲ ಹೇಳಿದರೂ ಈ ಮಕ್ಕಳ ತಲೆಗೆ ಹೋಗುವುದಿಲ್ಲವಲ್ಲ ಎಂದು ನಾನು ದಾರಿಯುದ್ದಕ್ಕೂ ಗೊಣಗುತ್ತಿದ್ದೆ. ಕೇಳಿ ಕೇಳಿ ಸಾಕಾಗಿ ಅವಳು ಒಂದು ದಿನ ತನ್ನ ಬಿಡುವಿನ ಅವಧಿಯಲ್ಲಿ ಬಂದು ನನ್ನ ಪಾಠದಲ್ಲಿ ಹಿಂದಿನ ಬೆಂಚಿಗೆ ಕೂತಳು.

ಸಂಜೆ ಬಸ್ಸಿನಲ್ಲಿ ಹೇಳಿದಳು: "ಅಕ್ಕಾ, ಪಾಠ ಮುಗಿಸಿ ನೀವು 'ತಿಳೀತಿಲ್ಲೋ?' ಅಂತೀರಿ. ಹುಡುಗ್ರು 'ತಿಳೀತ್ರೀ' ಅಂತ ರಾಗ ಎಳೀತಾವ. ಹಿಂದ ಕುಂತು ನೋಡ್ರಿ, ಒಂದಕ್ಕೂ ತಿಳಿದಿರಂಗಿಲ್ಲ."

ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ಕಲಿಸಿದವಳಿಗೆ ಇವಳು ಬುದ್ಧಿ ಹೇಳುವುದೇ? ಮರುದಿನ ಅವಳ ತಪ್ಪು ಹಿಡಿಯಲೆಂದೇ ಅವಳ ಪಾಠಕ್ಕೆ ಹೋಗಿ ಕೂತೆ. ಅಲ್ಲೂ ಅದೇ ಪ್ರಶ್ನೆ, ಅದೇ ರಾಗ! ಮನೆಗೆ ಬರುವಾಗ ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಅಂದಿನಿಂದ ಬಿಡುವಿದ್ದಾಗಲೆಲ್ಲ ಒಬ್ಬರ ಪಾಠದಲ್ಲಿ ಇನ್ನೊಬ್ಬರು ಕೂರತೊಡಗಿದೆವು, ಆ ಪ್ರಶ್ನೆಯನ್ನೇ ಬಿಟ್ಟೆವು. ಎಲ್ಲಿ ತಿಳಿಯಲಿಲ್ಲ, ಅದನ್ನು ಹೇಳಿ ಎಂದು ಕೇಳತೊಡಗಿದೆವು. ಮೊದಮೊದಲು ಯಾರೂ ಉಸಿರೆತ್ತಲಿಲ್ಲ. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗಿ, ಅವಳದೂ ಮನೆಯಲ್ಲಿ ದಖ್ಖನಿಯೇ, ಶಾಲೆಯಲ್ಲಿ ಬಾಯಿ ಬಿಟ್ಟವಳೇ ಅಲ್ಲ. ಗೆಳತಿ ನನ್ನ ಪಾಠಕ್ಕೆ ಬಂದಾಗಲೆಲ್ಲ ಅವಳ ಪಕ್ಕದಲ್ಲೇ ಕೂತು ಅವಳ ಮಾತಿನಲ್ಲಿ ಮೆಲ್ಲಗೆ ವಿಚಾರಿಸುತ್ತಿದ್ದಳು. ಕೊನೆಗೊಂದು ದಿನ ಹುಡುಗಿ ಎದ್ದು ನಿಂತಳು.

"ತಿಳೀಲಿಲ್ರೀ ಟೀಚರ್. ನಾಲ್ಕಕ್ಕಿಂತ ಎಂಟು ದೊಡ್ಡದಲ್ರೀ? ಮತ್ತ ಎಂಟನೇ ಒಂದು ಭಾಗ ಹ್ಯಾಂಗ ಸಣ್ಣದು?"

ಇಡೀ ತರಗತಿ ನುಂಗಿಕೊಂಡು ಕೂತಿದ್ದ ಸಂಶಯ ಅದು. ಮರುದಿನ ಇಬ್ಬರೂ ಬುತ್ತಿಯ ರೊಟ್ಟಿ ಮುರಿದು ಪಾಠವನ್ನು ಮೊದಲಿಂದ ಮಾಡಿದೆವು. ಎಂಟು ಮಂದಿಗೆ ಹಂಚಿದ ರೊಟ್ಟಿಯಲ್ಲಿ ತನ್ನ ಪಾಲಿಗೆ ಬಂದ ಚೂರನ್ನು ನೋಡಿ ಹುಡುಗಿ ನಕ್ಕಳು.

ಇದು ಮೇಲಿನ ಅಧಿಕಾರಿಯೊಬ್ಬರ ಕಿವಿಗೆ ಬಿತ್ತು. ಒಬ್ಬರ ಪಾಠದಲ್ಲಿ ಇನ್ನೊಬ್ಬರು ಕೂತರೆ ಅದು ತಪಾಸಣೆಯಂತೆ, ತಪಾಸಣೆ ತಮ್ಮ ಕೆಲಸವಂತೆ, ಇದನ್ನೆಲ್ಲ ಬಂದ್ ಮಾಡಿಸಬೇಕಂತೆ. ಹೆಡ್‌ಮಾಸ್ತರರು ಪಾಪ ನಮ್ಮ ಮುಖ ನೋಡಲಾರದೆ ಈ ಮಾತು ಮುಟ್ಟಿಸಿದರು. ಗೆಳತಿ ಬರುವುದು ನಿಂತಿತು. ಕೆಲವೇ ದಿನಗಳಲ್ಲಿ ಹುಡುಗಿ ಮತ್ತೆ ಬಾಯಿ ಹೊಲಿದುಕೊಂಡಳು. ನಾನೆಷ್ಟು ಪುಸಲಾಯಿಸಿದರೂ ತಲೆ ಎತ್ತುತ್ತಿರಲಿಲ್ಲ. 

ಆಮೇಲೆ ಬಂತು ತರಬೇತಿ. ಕಲಬುರಗಿಯಲ್ಲಿ, ನೆಹರು ಗಂಜ್ ಮಾರುಕಟ್ಟೆಯ ಆಚೆಯ ಒಂದು ಸಭಾಂಗಣದಲ್ಲಿ. ವಿಷಯ ಏನೆಂದರೆ, ಶಿಕ್ಷಕರು ತಮ್ಮ ಪಾಠವನ್ನು ತಾವೇ ಮರಳಿ ನೋಡಿಕೊಳ್ಳಬೇಕು, ಒಬ್ಬರಿಂದೊಬ್ಬರು ಕಲಿಯಬೇಕು! ವೇದಿಕೆಯ ಮೇಲೆ ಅದೇ ಅಧಿಕಾರಿ ಮಹಾಶಯರು. ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಒಬ್ಬರೇ ಮಾತಾಡಿದರು. ನಮ್ಮನ್ನು ಒಂದು ಮಾತು ಕೇಳಿದರೆ ದೇವರಾಣೆ. ನಾನು ಹಲ್ಲು ಕಚ್ಚಿ ಕೂತಿದ್ದೆ. ಕೊನೆಗೆ ಮೈಕಿನಲ್ಲಿ ಕೇಳಿದರು: "ಎಲ್ಲಾರಿಗೂ ತಿಳೀತಿಲ್ಲೋ?"

ಸಭಾಂಗಣ ತುಂಬ ಕೂತಿದ್ದ ಮಾಸ್ತರರು, ಟೀಚರುಗಳು ಒಂದೇ ರಾಗದಲ್ಲಿ "ತಿಳೀತ್ರೀ ಸರ್" ಎಂದರು.

ನಾನು ಎದ್ದು ನಿಂತೆ. ಪಕ್ಕದಲ್ಲಿ ಕೂತಿದ್ದ ಗೆಳತಿ ನನ್ನ ಸೆರಗು ಜಗ್ಗಿ ಕೂರಿಸಲಿಲ್ಲ.

"ನನಗ ತಿಳೀಲಿಲ್ರೀ."

"ಎಲ್ಲಾರಿಗೂ ತಿಳಿದದ, ನಿಮಗೊಬ್ಬರಿಗೇ ತಿಳೀಲಿಲ್ಲಂದ್ರ ಹ್ಯಾಂಗ್ರೀ ಮೇಡಂ? ಕೂಡ್ರಿ, ಕೂಡ್ರಿ."

ನಾನು ಕೂರಲಿಲ್ಲ, ಗೆಳತಿಯ ಕಡೆ ಕೈ ಮಾಡಿದೆ.

"ಕೂಡ್ರಾಕ ಬಿಡ್ರಿ ಅಂತನ ಕೇಳಾಕತ್ತೀನ್ರೀ ಸರ್. ಕಮಲಾಪುರದಾಗ, ಹಿಂದಿನ ಬೆಂಚಿನ ಮ್ಯಾಲ, ನಮ್ಮ ಹುಡುಗಿ ಬಾಜೂಕ, ಈಕಿನ್ನ ಕೂಡ್ರಾಕ ಬಿಡ್ರಿ."

ಗೆಳತಿಯೂ ಎದ್ದು ನಿಂತಳು. ಅವರು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ, ನಾನು ಹೇಳಿದ್ದು ತಮಗೆ ತಿಳಿಯಲಿಲ್ಲ ಎಂದರು, ಉಳಿದವರತ್ತ ತಿರುಗಿ ತಾವು ಹೇಳಿದ್ದು ತಿಳೀತಿಲ್ಲೋ ಎಂದು ಮತ್ತೆ ಕೇಳಿದರು. ಈ ಸಲ ಯಾರೂ ರಾಗ ಎಳೆಯಲಿಲ್ಲ.