ಹೊಸ ಹೆಲ್ಮೆಟ್ಟಿಗೆ ಕಪ್ಪು-ಬಸಿ

ಕಳೆದ ವಾರ ನಮ್ಮ ಕಾರ್ಖಾನೆಯ ಸ್ಟೋರಿನವರು ನನ್ನ ಹಳೆಯ ಹೆಲ್ಮೆಟ್ ತೆಗೆದುಕೊಂಡು ಹೊಸದನ್ನು ಕೊಟ್ಟರು. ಹಳೆಯದರ ಅವಧಿ ಮುಗಿದಿತ್ತಂತೆ. ಔಷಧದ ಬಾಟಲಿಯ ಹಾಗೆ ಹೆಲ್ಮೆಟ್ಟಿಗೂ ಒಂದು ಆಯಸ್ಸು ಇರುತ್ತದೆ. ತಯಾರಾದ ತಿಂಗಳು ಒಳಗಡೆ ಅಚ್ಚಾಗಿರುತ್ತದೆ. ತಲೆಗೆ ಅಂಥ ವ್ಯವಸ್ಥೆ ಇಲ್ಲದ್ದರಿಂದ ಅದನ್ನೇ ಮುಂದುವರಿಸಲು ಬಿಟ್ಟಿದ್ದಾರೆ.

ಪ್ಲಾಸ್ಟಿಕ್ ಚೀಲ ಹರಿದಾಗ ಬಂದ ವಾಸನೆ ನಿಮಗೂ ಗೊತ್ತಿರುತ್ತದೆ. ಹೊಸ ಬಕೆಟ್ ತಂದ ದಿನ ಬಚ್ಚಲಲ್ಲಿ ತುಂಬಿಕೊಳ್ಳುವ ವಾಸನೆ ಅದು. ನಿಮಗೆ ಅದರಿಂದ ಸಂತೋಷವಾಗಬಹುದು. ನನಗೆ ಕಿವಿ ಬಿಸಿಯಾಗುತ್ತದೆ. ಹಿಂದಿನ ಸಲ ಹೆಲ್ಮೆಟ್ ಬದಲಾದಾಗ, ಅದರ ಮೇಲೆ ಒಂದಿಷ್ಟು ಧೂಳು ಕೂರುವ ತನಕ ನಾನು ಆಫೀಸಿನಿಂದ ಹೊರಗೇ ಬರಲಿಲ್ಲ. ಇಷ್ಟು ವರ್ಷ ಕೆಲಸ ಮಾಡಿದ ಮನುಷ್ಯ ಹೀಗೆ ಯಾಕೆ ಅಡಗುತ್ತಾನೆ ಎಂದು ನೀವು ಕೇಳಬೇಕು. ಹೇಳುತ್ತೇನೆ.

ನಮ್ಮ ಊರು ಸೇಡಂ. ನೆಲದಡಿಯೆಲ್ಲ ಸುಣ್ಣದ ಕಲ್ಲು, ಮೇಲೆ ಸಿಮೆಂಟಿನ ಚಿಮಣಿಗಳು. ಇಂಥ ಕಡೆ ಹುಟ್ಟಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವನನ್ನು ಕೆಲಸವೇ ಹುಡುಕಿಕೊಂಡು ಬರುತ್ತದೆ ಎಂದು ನಾನೂ ನಂಬಿದ್ದೆ, ಚಿತ್ತಾಪುರದ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪನೂ ನಂಬಿದ್ದರು. ಕೆಲಸಕ್ಕೆ ನಮ್ಮ ವಿಳಾಸ ಸಿಗಲಿಲ್ಲ. ಹೀಗಾಗಿ ನಾನೇ ಬಸ್ಸು ಹತ್ತಿದೆ. ವಾಡಿಯಲ್ಲಿ ಒಂದು ಗೇಟಿನ ಕಾವಲಿನವನೇ ನನ್ನ ಸಂದರ್ಶನ ಮುಗಿಸಿದ. ಅನುಭವ ಎಷ್ಟು ವರ್ಷದ್ದು ಎಂದ, ಇಲ್ಲ ಎಂದೆ, ಬಿಸಿಲಾಗುವುದರೊಳಗೆ ಮನೆ ಮುಟ್ಟಿರಿ ಎಂದ. ಚಿತ್ತಾಪುರದ ದಾಲ್‌ಮಿಲ್ಲಿನ ಮಾಲೀಕರು ಚಹಾ ಕುಡಿಸಿ, ಎರಡು ವರ್ಷ ಅನುಭವ ಮಾಡಿಕೊಂಡು ಬಾ, ಖಂಡಿತ ತೆಗೆದುಕೊಳ್ಳುತ್ತೇನೆ ಎಂದರು. ಅದನ್ನು ಎಲ್ಲಿ ಮಾಡಿಕೊಳ್ಳಬೇಕು ಎಂಬುದನ್ನು ಅವರು ಹೇಳಲಿಲ್ಲ, ಚಹಾ ಕುಡಿದ ದಾಕ್ಷಿಣ್ಯಕ್ಕೆ ನಾನು ಕೇಳಲಿಲ್ಲ. ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯ ಯಜಮಾನರು ಮಾತ್ರ ನೇರ ಮನುಷ್ಯ. ನನ್ನ ಪ್ರಮಾಣಪತ್ರವನ್ನು ಒದ್ದೆ ಕೈಯಲ್ಲಿ ಮುಟ್ಟಬಾರದೆಂದು ದೂರದಿಂದಲೇ ಓದಿ, "ಕಲ್ಲಿಗಿ ನೀರು ಬಿಡ್ಲಿಕ್ಕ ಬಿಇ ಯಾಕ ಬೇಕ್ರಿ?" ಎಂದರು. ಉತ್ತರ ನನಗಿನ್ನೂ ಹೊಳೆದಿಲ್ಲ.

ಕೊನೆಗೆ ಸೇಡಂ ಸಮೀಪದ ಸಿಮೆಂಟ್ ಕಾರ್ಖಾನೆಯೊಂದು ನನ್ನನ್ನು ಟ್ರೈನಿಯಾಗಿ ತೆಗೆದುಕೊಂಡಿತು. ಒಂದು ವರ್ಷ ನೋಡುತ್ತಾರೆ. ಸರಿ ಕಂಡರೆ ಕಾಯಂ, ಇಲ್ಲದಿದ್ದರೆ ಮತ್ತೆ ಆ ದಾಲ್‌ಮಿಲ್ಲಿನ ಚಹಾ. ನನ್ನನ್ನು ಕ್ರಶರ್ ವಿಭಾಗಕ್ಕೆ ಹಾಕಿದರು. ಗಣಿಯಿಂದ ಬಂದ ಬಂಡೆಗಳನ್ನು ಒಡೆದು, ಒಡೆದ ಕಲ್ಲನ್ನು ಎತ್ತರದ ಬೆಲ್ಟಿನ ಮೇಲೆ ಸಾಗಿಸುವ ಜಾಗ ಅದು. ನನಗೆ ಕೊಟ್ಟಿದ್ದು ಬಿಳಿ ಹೆಲ್ಮೆಟ್. ಕಾರ್ಮಿಕರದು ಹಳದಿ, ಇಂಜಿನಿಯರುಗಳದು ಬಿಳಿ. ಆದರೆ ಒಂದು ತೊಡಕಿತ್ತು. ಕಾರ್ಖಾನೆ ನೋಡಲು ಬರುವ ಅತಿಥಿಗಳಿಗೂ ಬಿಳಿಯದನ್ನೇ ಕೊಡುತ್ತಿದ್ದರು. ಇಂಜಿನಿಯರುಗಳ ಹೆಲ್ಮೆಟ್ ಗೀರುಬಿದ್ದು, ಧೂಳು ಕುಡಿದು, ಬೂದುಬಣ್ಣಕ್ಕೆ ತಿರುಗಿರುತ್ತಿತ್ತು. ಅತಿಥಿಗಳದು ಫಳಫಳ ಹೊಳೆಯುತ್ತಿತ್ತು. ನನ್ನದೂ ಫಳಫಳ.

ಈ ತೊಡಕು ಮೊದಲು ಬೆಳಕಿಗೆ ಬಂದದ್ದು ಚಹಾದ ಹೊತ್ತಿನಲ್ಲಿ. ಕ್ಯಾಂಟೀನಿನ ಶರಣಮ್ಮ ದಿನಾ ಗಾಡಿ ತಳ್ಳಿಕೊಂಡು ಕ್ರಶರ್ ಕಡೆ ಬರುತ್ತಿದ್ದರು. ನಮ್ಮವರಿಗೆಲ್ಲ ಕಾಗದದ ಲೋಟ. ಅತಿಥಿಗಳಿಗೆ ಪಿಂಗಾಣಿ ಕಪ್ಪು, ಕೆಳಗೆ ಬಸಿ. ಇದು ಅಲ್ಲಿಯ ಮರ್ಯಾದೆ. ನನ್ನ ಮುಂದೆ ಕಪ್ಪು-ಬಸಿ ಬಂತು. ಮರುದಿನವೂ ಬಂತು. ನಾನು ಇಲ್ಲಿಯವನೇ ಎಂದು ಹೇಳಿದೆ. ಶರಣಮ್ಮ ನಕ್ಕು, "ಇರ್ಲಿ ತಗೋರಿ ಸಾಹೇಬ್ರ, ಮತ್ತ್ಯಾವಾಗ ಬರ್ತೀರೋ ಏನೋ" ಎಂದರು. ಲಾರಿಯ ಚಾಲಕರು ನನ್ನನ್ನು ಕಂಡರೆ ಸಲಾಮು ಹೊಡೆದು, ಊಟ ಆಯ್ತೇನ್ರಿ, ಎಷ್ಟು ದಿನ ಇರ್ತೀರಿ ಎಂದು ವಿಚಾರಿಸುತ್ತಿದ್ದರು. ಇದ್ದ ಊರಿನಲ್ಲೇ, ಕೂಗಿದರೆ ಅವ್ವನಿಗೆ ಕೇಳುವಷ್ಟು ಹತ್ತಿರದಲ್ಲಿ, ನಾನು ಬೀಗನಾಗಿದ್ದೆ.

ನಗಬೇಡಿ. ಕಪ್ಪು ಹಿಡಿದ ಕೈಯಲ್ಲಿ ಸ್ಪ್ಯಾನರ್ ಹಿಡಿಯಲಾಗುವುದಿಲ್ಲ. ಕಾಗದದ ಲೋಟದವರು ನಿಂತೇ ಕುಡಿದು, ಲೋಟ ಹಿಸುಕಿ ಎಸೆದು ಕೆಲಸಕ್ಕೆ ಹೋಗುತ್ತಿದ್ದರು. ನಾನು ಬಸಿ ಹಿಂದಿರುಗಿಸಬೇಕೆಂದು ಅಲ್ಲೇ ನಿಂತಿರುತ್ತಿದ್ದೆ. ವರ್ಷದ ಕೊನೆಗೆ ನನ್ನ ಬಗ್ಗೆ ಯಾರನ್ನಾದರೂ ಕೇಳಿದರೆ, ಒಳ್ಳೆಯ ಮನುಷ್ಯ, ಬಸಿ ಒಡೆಯಲಿಲ್ಲ ಎನ್ನುತ್ತಾರೆ ಎಂಬ ಭಯ ನನಗೆ ಹತ್ತಿತು.

ಈಗ ನಮ್ಮ ಹಿತ್ತಲಿನ ಬಗ್ಗೆ ಒಂದು ಮಾತು. ನಮ್ಮ ಕಡೆಯ ಮನೆಗಳಲ್ಲಿ ನೆಲಕ್ಕೂ ಪರಸಿ ಕಲ್ಲಿನ ಚಪ್ಪಡಿ, ಗೋಡೆಗೂ ಪರಸಿ, ಹಳೆಯ ಮಾಳಿಗೆಗಳಿಗೂ ಪರಸಿ. ಹಿತ್ತಲಲ್ಲಿ ಬಟ್ಟೆ ಒಗೆಯಲು ಓರೆಯಾಗಿ ನಿಲ್ಲಿಸಿದ ಒಂದು ದಪ್ಪ ಪರಸಿ ಇರುತ್ತದೆ. ಪಾಲಿಶ್ ಕಾಣದ ಒರಟು ಕಲ್ಲು. ಅಂಗಿಯ ಕಾಲರನ್ನು ಅದು ಎರಡು ತಿಂಗಳಲ್ಲಿ ಹತ್ತು ವರ್ಷ ಮುದಿಯಾಗಿಸುತ್ತದೆ. ಅವ್ವ ನನ್ನ ಸಮವಸ್ತ್ರವನ್ನು ಅದರ ಮೇಲೆ ಬಡಿಯುತ್ತಿದ್ದಾಗ ನನಗೆ ಉಪಾಯ ಹೊಳೆಯಿತು. ಆ ಭಾನುವಾರ ಅವ್ವ ಮಠಕ್ಕೆ ಹೋದದ್ದೇ ತಡ, ಹೆಲ್ಮೆಟ್ಟನ್ನು ಒಗೆಯುವ ಕಲ್ಲಿಗೆ ಹಿಡಿದು ತಿಕ್ಕಿದೆ.

ಚೆನ್ನಾಗಿ ಬಂತು. ಎಡಬದಿಗೆ ಎರಡು ವರ್ಷದ ಅನುಭವ, ಬಲಬದಿಗೆ ಮೂರು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ನೆತ್ತಿಯ ಮೇಲೆ ಒಂದು ತಗ್ಗು ಇದ್ದರೆ ಸಹಜವಾಗಿರುತ್ತದೆ ಅನ್ನಿಸಿ, ಖಾರ ರುಬ್ಬುವ ಗುಂಡು ಎತ್ತಿ ಒಂದೇಟು ಹಾಕಿದೆ. ಮೇಲೆ ಹಿಡಿ ಸಿಮೆಂಟು ಉದುರಿಸಿ, ನೀರು ಚಿಮುಕಿಸಿ ಒಣಗಲು ಇಟ್ಟೆ. ಮಠದಿಂದ ಬಂದ ಅವ್ವ, ಮಗನ ಹೆಲ್ಮೆಟ್ ಇಷ್ಟು ಹೊಲಸಾಗಿದೆಯಲ್ಲ ಎಂದು ಸಿಮೆಂಟನ್ನೆಲ್ಲ ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ಸವರಿ ದೇವರ ಜಗಲಿಯ ಪಕ್ಕದಲ್ಲಿಟ್ಟಿದ್ದಳು. ಅದೃಷ್ಟಕ್ಕೆ ಗೀರು ತೊಳೆದರೆ ಹೋಗುವಂಥದ್ದಲ್ಲ. ಎಣ್ಣೆ ಮತ್ತು ಕಾರ್ಖಾನೆಯ ಧೂಳು ಸೇರಿ ಸೋಮವಾರ ಕೆಲಸಕ್ಕೆ ಹೋದ ಸ್ವಲ್ಪ ಹೊತ್ತಿಗೇ ನಾನು ಬಯಸಿದ್ದಕ್ಕಿಂತಲೂ ಹಳೆಯ ಬಣ್ಣ ಬಂದಿತ್ತು.

ಅವತ್ತು ಒಬ್ಬ ಲಾರಿ ಚಾಲಕ ನನ್ನನ್ನು ಕಂಡು, ಗಾಡಿ ಎಲ್ಲಿ ಹಚ್ಚಲಿ ಎಂದು ಕೇಳಿದ. ಊಟದ ಬಗ್ಗೆ ಕೇಳಲಿಲ್ಲ, ಗಾಡಿಯ ಬಗ್ಗೆ ಕೇಳಿದ. ನಾನು ಕೈ ತೋರಿಸಿದ ಕಡೆ ಅಷ್ಟು ದೊಡ್ಡ ಲಾರಿ ಹೋಗಿ ನಿಂತಿತು. ಮಧ್ಯಾಹ್ನದ ತನಕ ನೆಪ ಮಾಡಿಕೊಂಡು ಅದನ್ನು ನೋಡಿ ಬರುತ್ತಿದ್ದೆ. ಚಹಾದ ಹೊತ್ತಿಗೆ ಶರಣಮ್ಮ ಮುಖವನ್ನೂ ನೋಡದೆ ನನ್ನ ಕೈಗೆ ಕಾಗದದ ಲೋಟ ತುರುಕಿ ಮುಂದೆ ಹೋದರು. ಪದವಿ ಪ್ರದಾನದ ದಿನ ನನಗೆ ಅಷ್ಟು ಸಂತೋಷ ಆಗಿರಲಿಲ್ಲ.

ಕಾರ್ಖಾನೆಯ ಗೇಟಿನಲ್ಲಿ ಒಂದು ಫಲಕವಿತ್ತು: ಅಪಘಾತವಿಲ್ಲದ ದಿನಗಳು ಎಷ್ಟು ಎಂದು ತೋರಿಸುವ ಫಲಕ. ನಿಗದಿಯಾದ ಗುರಿ ಮುಟ್ಟಿದರೆ ಕಾಯಂ, ಗುತ್ತಿಗೆ ಎನ್ನದೆ ಎಲ್ಲರಿಗೂ ಒಂದೊಂದು ಕುಕ್ಕರ್ ಕೊಡುವುದಾಗಿ ಆಡಳಿತದವರು ಹೇಳಿದ್ದರು. ಗುರಿ ಹತ್ತಿರ ಬಂದಿತ್ತು. ಕ್ರಶರಿನ ಹಿರಿಯ ಫಿಟ್ಟರ್ ಮಹಿಬೂಬಣ್ಣನ ಹೆಂಡತಿ ಆಗಲೇ ಹಳೆಯ ಕುಕ್ಕರನ್ನು ತಂಗಿಗೆ ಕೊಟ್ಟು ಕಳಿಸಿದ್ದರು. ಈಗ ಅವರ ಮನೆಯಲ್ಲಿ ಬೇಳೆ ಬೇಯಲು ಮಧ್ಯಾಹ್ನವಾಗುತ್ತದೆ ಎಂದು ಎಲ್ಲರೂ ಮಹಿಬೂಬಣ್ಣನನ್ನು ಕಾಡುತ್ತಿದ್ದರು.

ಗುರುವಾರ ಬೆಳಗ್ಗೆ ಸುರಕ್ಷತಾ ಅಧಿಕಾರಿ ದೇಶಪಾಂಡೆ ಸರ್ ನಮ್ಮನ್ನು ಸಾಲಾಗಿ ನಿಲ್ಲಿಸಿ ಹೆಲ್ಮೆಟ್ ಪರೀಕ್ಷಿಸಿದರು. ನನ್ನದನ್ನು ಎರಡೂ ಕೈಯಲ್ಲಿ ಹಿಡಿದು ಅಮುಕಿದಾಗ ನೆತ್ತಿಯಲ್ಲಿ ಕೂದಲೆಳೆಯಂಥ ಬಿರುಕು ಬಾಯಿಬಿಟ್ಟಿತು. ಅವರ ಮುಖ ಗಂಭೀರವಾಯಿತು. ಏಟು ಯಾವಾಗ ಬಿತ್ತು, ಯಾಕೆ ತಿಳಿಸಲಿಲ್ಲ ಎಂದು ಕೇಳಿದರು. ನಾನು ಸುಮ್ಮನೆ ನಿಂತೆ. ತಲೆಗೆ ಪೆಟ್ಟಾದವರು ಹೀಗೇ ಸುಮ್ಮನಿರುತ್ತಾರಂತೆ. ಆಂಬುಲೆನ್ಸ್ ಬಂತು. ನಡೆದು ಹೋಗಬಹುದಾದ ದೂರಕ್ಕೆ ನನ್ನನ್ನು ಮಲಗಿಸಿಕೊಂಡು ಹೋದರು. ದವಾಖಾನೆಯ ನರ್ಸ್ ಬೆರಳು ತೋರಿಸಿ ಎಷ್ಟು ಎಂದು ಕೇಳಿದರು. ಸರಿಯಾಗಿ ಹೇಳಿದೆ. ಆ ದಿನ ನಾನು ಸರಿ ಕೊಟ್ಟ ಉತ್ತರ ಅದೊಂದೇ.

ಸ್ವಲ್ಪ ಹೊತ್ತಿಗೆ ಮಹಿಬೂಬಣ್ಣ ಬಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತರು. ಹೊರಗೆ ವಿಚಿತ್ರ ಮೌನ. ಕ್ರಶರ್ ನಿಲ್ಲಿಸಿದ್ದರು. ಕುಕ್ಕರ್ ಹೋಯಿತು ಎಂದು ಬೈಯಲು ಬಂದಿದ್ದಾರೆಂದು ನಾನು ಕಣ್ಣು ಮುಚ್ಚಿಕೊಂಡೆ.

"ತಮ್ಮಾ, ತಲಿ ನೋಯ್ಲಿಕತ್ತದೇನು?"

"ಇಲ್ಲಣ್ಣ."

"ಕಲ್ಲು ಎಲ್ಲಿ ಬಿತ್ತು, ಜರಾ ನೆನಪ ಮಾಡ್ಕೋ. ಮ್ಯಾಲ ಬೆಲ್ಟಿನ ಮ್ಯಾಲ ನಾಕು ಮಂದಿ ಹತ್ತ್ಯಾರ. ಎಲ್ಲಿ ಸಡಲಾಗ್ಯಾದ ಅಂತ ಒಂದೊಂದೇ ತಗಡು ಬಿಚ್ಚಿ ನೋಡ್ಲಿಕತ್ತಾರ. ಬಿಸಲು ಹೆಂಗ ಅದ ನೋಡು."

"ಅಣ್ಣ, ಕುಕ್ಕರ್..."

"ಕುಕ್ಕರ್ ಮಾರಿಗಿ ಬೆಂಕಿ ಹಚ್ಚು. ಕಲ್ಲು ಸಿಗ್ಲಿಲ್ಲಂದ್ರ ನಾಳಿ ಇನ್ನೊಬ್ಬನ ತಲಿ ಮ್ಯಾಲ ಬೀಳ್ತದ."

ಇಲ್ಲದ ಕಲ್ಲೊಂದನ್ನು ಹುಡುಕಿಕೊಂಡು ನಾಲ್ಕು ಜನ ಅಷ್ಟೆತ್ತರದಲ್ಲಿದ್ದರು. ಕಾಯಂ ಆಗುವ ನನ್ನ ಆಸೆ ಆಗಲೇ ದಾಲ್‌ಮಿಲ್ಲಿನ ಬಸ್ಸು ಹತ್ತಿತ್ತು. ಅವರು ಇಳಿದು ಬರಲಿ ಎಂದು ಒಗೆಯುವ ಕಲ್ಲು, ಖಾರದ ಗುಂಡು, ಕೊಬ್ಬರಿ ಎಣ್ಣೆ ಎಲ್ಲವನ್ನೂ ಹೇಳಿದೆ. ಎಣ್ಣೆಯ ವಿಷಯ ಹೇಳುವ ಅಗತ್ಯವಿರಲಿಲ್ಲ. ಶುರು ಮಾಡಿದ ಮೇಲೆ ನಿಲ್ಲಿಸಲಾಗಲಿಲ್ಲ. ಮಹಿಬೂಬಣ್ಣ ಪೂರ್ತಿ ಕೇಳಿದರು. ಎದ್ದು ಬಾಗಿಲಿಗೆ ಹೋಗಿ, ಎಲ್ಲರನ್ನೂ ಕೆಳಗೆ ಇಳಿಸಿರಿ ಎಂದು ಯಾರಿಗೋ ಕೂಗಿ ಹೇಳಿದರು. ತಿರುಗಿ ಬಂದು ನನ್ನ ತಲೆಯನ್ನು ಒಮ್ಮೆ ಮುಟ್ಟಿ ನೋಡಿ, "ಪೆಟ್ಟು ಬಿದ್ದದ ಖರೇ, ಆದ್ರ ಇವತ್ತಿಂದಲ್ಲ" ಎಂದರು.

ದೇಶಪಾಂಡೆ ಸರ್ ತಮ್ಮ ಕೋಣೆಯಲ್ಲಿ ನನ್ನನ್ನು ಕೂರಿಸಿಕೊಂಡರು. ಯಾಕೆ ಹೀಗೆ ಮಾಡಿದೆ ಎಂದಾಗ ನನಗೆ ಹೊಳೆದದ್ದು ಒಂದೇ ಮಾತು: "ಭಾಳ ಹೊಸಾದು ಕಾಣ್ತಿತ್ರಿ ಸರ್." ಅವರು ಮೇಜಿನ ಮೇಲಿದ್ದ ತಮ್ಮ ಹೆಲ್ಮೆಟ್ ಎತ್ತಿ ನನ್ನ ಮುಂದೆ ಹಿಡಿದರು. ಅಷ್ಟು ದಿನ ನಾನು ಅದನ್ನು ನೋಡಿರಲೇ ಇಲ್ಲ. ಇಡೀ ಕಾರ್ಖಾನೆಯಲ್ಲೇ ಎಲ್ಲಕ್ಕಿಂತ ಸ್ವಚ್ಛವಾದ ಹೆಲ್ಮೆಟ್ ಅದು.

"ನಂದೂ ಹೊಸಾದೇ ಅದ ನೋಡ್ರಿ" ಎಂದರು. "ನಿವೃತ್ತಿಗಿ ಬಂದೀನಿ."

ಅದಕ್ಕಿಂತ ಹೆಚ್ಚು ಬೈಗುಳ ನನಗೆ ಬೀಳಲಿಲ್ಲ. ಆದರೆ ಮರುದಿನ ಬೆಳಗ್ಗೆ ಕೆಲಸ ಶುರುವಾಗುವ ಮುನ್ನ ಎಲ್ಲರ ಎದುರು ನಿಂತು, ಹೆಲ್ಮೆಟ್ಟನ್ನು ಯಾಕೆ ಹೊಡೆಯಬಾರದು ಎಂದು ಉದಾಹರಣೆ ಸಮೇತ ವಿವರಿಸಬೇಕಾಯಿತು. ಉದಾಹರಣೆಯ ಹೊತ್ತಿಗೆ ಹಿಂದಿನ ಸಾಲಿನವರು ನಕ್ಕು ನಕ್ಕು ಕಣ್ಣು ಒರೆಸಿಕೊಳ್ಳುತ್ತಿದ್ದರು. ಫಲಕದ ಅಂಕಿ ಉಳಿಯಿತು. ಹೊಸ ಹೆಲ್ಮೆಟ್ ಬಂತು, ಅದರ ಹಿಂದೆಯೇ ಕಪ್ಪು-ಬಸಿಯೂ ಬಂತು. ಈ ಸಲ ಮಹಿಬೂಬಣ್ಣನೇ ಹೇಳಿ ಕಳಿಸಿದ್ದರು.

ಕೆಲವು ದಿನಗಳ ಮೇಲೆ ಎಲ್ಲರಿಗೂ ಕುಕ್ಕರ್ ಸಿಕ್ಕಿತು. ನನ್ನ ಪಾಲಿನದನ್ನು ಮನೆಗೆ ಒಯ್ದಾಗ, ಯಾವ ಸಾಧನೆಗೆ ಇದು ಎಂದು ಅವ್ವ ಕೇಳಿದಳು. ಯಾರಿಗೂ ಏನೂ ಆಗಲಿಲ್ಲ, ಅದಕ್ಕೆ ಎಂದೆ. ಅವಳು ಮುಚ್ಚಳ ತಿರುಗಿಸಿ ನೋಡುತ್ತ, "ಏನೂ ಆಗದಿದ್ದಕ್ಕ ಕುಕ್ಕರ್ ಕೊಡ್ತಾರಾ? ಹಂಗಂದ್ರ ನಿಮ್ಮ ಅಪ್ಪಗ ಯಾಕ ಕೊಟ್ಟಿಲ್ಲ?" ಎಂದಳು. ಅಪ್ಪ ಪತ್ರಿಕೆಯ ಪುಟ ತಿರುಗಿಸಿದರು.

ವರ್ಷದ ಕೊನೆಗೆ ನನ್ನನ್ನು ಕಾಯಂ ಮಾಡಿದರು. ಯಾಕೆ ಎಂದು ನಾನು ವಿಚಾರಿಸಲು ಹೋಗಲಿಲ್ಲ. ಕಪ್ಪು-ಬಸಿ ಹೋಗಿ ಕಾಗದದ ಲೋಟ ಯಾವಾಗ ಬಂತು ಎಂದು ನೀವು ಕೇಳಿದರೆ, ಅದೂ ಗೊತ್ತಿಲ್ಲ. ಯಾವತ್ತೋ ಬೆಲ್ಟಿನ ಕೆಳಗೆ ಬಗ್ಗಿದ್ದಾಗ ಯಾರೋ ಕೊಟ್ಟಿರಬೇಕು, ನಾನು ಕುಡಿದು ಹಿಸುಕಿ ಎಸೆದಿರಬೇಕು. ಅಷ್ಟು ಹಂಬಲಿಸಿದ ದಿನ ಬಂದದ್ದೇ ಗಮನಕ್ಕೆ ಬರಲಿಲ್ಲ. ದೇಶಪಾಂಡೆ ಸರ್ ನಿವೃತ್ತರಾದರು, ಮಹಿಬೂಬಣ್ಣನೂ. ಹೊಸಬರಿಗೆ ಕೊಡುವ ಸುರಕ್ಷತೆಯ ಪಾಠದಲ್ಲಿ, ಹೆಲ್ಮೆಟ್ಟನ್ನು ಒಗೆಯುವ ಕಲ್ಲಿಗೆ ತಿಕ್ಕಿದ ಒಬ್ಬ ಇಂಜಿನಿಯರನ ಕಥೆ ಮಾತ್ರ ಇಂದಿಗೂ ಸೇವೆಯಲ್ಲಿದೆ. ಹೆಸರು ಹೇಳುವುದಿಲ್ಲ. ಒಮ್ಮೆ ಹೊಸ ಅಧಿಕಾರಿಯೊಬ್ಬರು ನನಗೇ ಅದನ್ನು ಹೇಳಿ, ಎಂಥೆಂಥ ಜನ ಇರುತ್ತಾರೆ ಸರ್ ಎಂದರು. ಹೌದು ಎಂದೆ.

ಕಳೆದ ವಾರಕ್ಕೆ ಮರಳೋಣ. ಹೊಸ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಸ್ಟೋರಿನಿಂದ ನೇರ ಆಫೀಸಿಗೆ ಜಾರುವವನಿದ್ದೆ. ಅಷ್ಟರಲ್ಲಿ ಕ್ರಶರಿನಿಂದ ಕರೆ ಬಂತು, ಅದನ್ನೇ ತಲೆಗೇರಿಸಿಕೊಂಡು ಹೋಗಲೇಬೇಕಾಯಿತು. ಅಲ್ಲಿ ನಮ್ಮ ಜಿಲ್ಲೆಯದೇ ಆದ ಚಂದಾಪುರದಿಂದ ಹೊಸದಾಗಿ ಬಂದ ಟ್ರೈನಿ ಹುಡುಗಿಯೊಬ್ಬಳು ನಿಂತಿದ್ದಳು. ಬಿಳಿ ಹೆಲ್ಮೆಟ್, ಫಳಫಳ. ಕೈಯಲ್ಲಿ ಪಿಂಗಾಣಿ ಕಪ್ಪು, ಬಸಿ. ಅದನ್ನು ಎಲ್ಲಿಡುವುದೆಂದು ತಿಳಿಯದೆ ಸುತ್ತ ನೋಡುತ್ತಿದ್ದಳು. ನನ್ನ ಕಡೆ ತಿರುಗಿದವಳ ಕಣ್ಣು ಮೊದಲು ಹೋದದ್ದು ನನ್ನ ತಲೆಯ ಮೇಲೆ.

"ನಂದೂ ಹೊಸಾದೇ ಅದ ನೋಡ್ರಿ" ಎಂದೆ. ಮಾತು ನನ್ನದಲ್ಲ, ಆದರೂ ಸಲೀಸಾಗಿ ಬಂತು.

ಅವಳಿಗೆ ಸ್ವಲ್ಪ ಧೈರ್ಯ ಬಂದಂತೆ ಕಂಡಿತು. "ಎಲ್ಲಾರೂ ನನಗ ಫ್ಯಾಕ್ಟರಿ ನೋಡ್ಲಿಕ್ಕ ಬಂದಾಕಿ ಅಂತ ತಿಳ್ಕೊಂಡಾರ್ರಿ ಸರ್. ದಿನಾ ಕಪ್ಪು-ಬಸಿನ್ಯಾಗೇ ಚಹಾ ಕೊಡ್ಲಿಕತ್ತಾರ. ಹೇಳಿದ್ರೂ ಕೇಳವಲ್ರು."

"ಕುಡೀರಿ" ಎಂದೆ. "ಭಾಳ ದಿನ ಕೊಡೂದಿಲ್ಲ."

ಅಷ್ಟರಲ್ಲಿ ಶರಣಮ್ಮನ ಗಾಡಿ ನಮ್ಮ ಕಡೆ ತಿರುಗಿತು. ಅವರಿಗೂ ಈಗ ವಯಸ್ಸಾಗಿದೆ, ಕಣ್ಣು ಮಂಜಾಗಿದೆ ಎನ್ನುತ್ತಾರೆ, ನನಗೇನೋ ಅನುಮಾನ. ನನ್ನ ಹೆಲ್ಮೆಟ್ಟನ್ನು ಒಮ್ಮೆ ದಿಟ್ಟಿಸಿ ನೋಡಿ, ಗಾಡಿಯ ಕೆಳಗಿನ ಅರೆಯಿಂದ ಇನ್ನೊಂದು ಪಿಂಗಾಣಿ ಕಪ್ಪು ತೆಗೆದರು. ಸೆರಗಿನಿಂದ ಬಸಿ ಒರೆಸಿದರು. ನಾನು ಎರಡೂ ಕೈ ಚಾಚಿ ಇಸಿದುಕೊಂಡೆ, ಪಕ್ಕದ ಕಟ್ಟೆಯ ಮೇಲೆ ಕುಳಿತೆ, ಬಸಿಗೆ ಸುರಿದುಕೊಂಡು ಆರಾಮವಾಗಿ ಕುಡಿದೆ.