ಬೆಂಕಿ ಸಿಗದ ಬಳೆ

ನನ್ನ ಮದುವೆ ನಿಶ್ಚಯವಾದಾಗ, ತೀರಿಹೋದ ಅಮ್ಮನ ಸರ ಕರಗಿಸಿ ನನಗೆ ಜೋಡಿ ಬಳೆ ಮಾಡಿಸುವುದೆಂದಾಯಿತು. ಐವತ್ತರ ದಶಕದ ಕೊನೆ. ಆಗ ಅರಂತೋಡಿನ ನಮ್ಮ ಕಡೆ ಅಕ್ಕಸಾಲಿ ಆಚಾರ್ರನ್ನೇ ಮನೆಗೆ ಕರೆಸಿ, ಚಿನ್ನದ ಕೆಲಸ ಮುಗಿಯುವ ತನಕ ಎದುರಿಗೊಬ್ಬರು ಕಾವಲು ಕೂರುವುದು ರೂಢಿ. ನಮ್ಮಲ್ಲಿ ಕೂತವರು ದೊಡ್ಡಮ್ಮ. ನನ್ನನ್ನು ಸಾಕಿದವರು, ಹಾಲು ತರುವವನನ್ನೂ ನಂಬದವರು.

ಸುಳ್ಯದಿಂದ ಬಂದ ಆಚಾರ್ರು ಸರ ಕರಗಿಸಿ ಎರಡು ಕಡ್ಡಿ ಎರೆದರು. ಒಂದನ್ನು ಕೈಯಲ್ಲಿ ತಿರುಗಿಸುವ ಉಕ್ಕಿನ ಉರುಳೆಗಳ ನಡುವೆ ಹಾಯಿಸುವುದು, ಬೆಂಕಿಗಿಟ್ಟು ಕೆಂಪಾಗಿಸುವುದು, ಮತ್ತೆ ಹಾಯಿಸುವುದು. ಹೀಗೆ ಮೊದಲನೆಯ ಬಳೆ ಚೆಂದಕ್ಕೆ ಬಂತು. ದೊಡ್ಡಮ್ಮನ ಕಣ್ಣು ಮಾತ್ರ ಬೆಂಕಿಯ ಮೇಲೆಯೇ. ಕಾಯಿಸುವ ನೆಪದಲ್ಲೇ ತಾಮ್ರ ಬೆರೆಸುತ್ತಾರೆಂದು ಅವರ ಸಂಶಯ.

"ಆಚಾರ್ರೆ, ಇನ್ನೊಂದಕ್ಕೆ ಬೆಂಕಿ ಬೇಡ. ಹಾಗೇ ಎಳೆಯಿರಿ."

"ಮೆತ್ತಗಾಗ್ಬೇಕಲ್ಲ ಅಮ್ಮ. ಇಲ್ಲದಿದ್ರೆ ಒಡೀತದೆ."

"ಚಿನ್ನ ಒಡೆಯುದು ಎಲ್ಲಾದ್ರೂ ಉಂಟಾ? ತಾಮ್ರ ಸೇರಿಸಿದ್ರೆ ಒಡೆದೀತು."

ಆಚಾರ್ರು ಎರಡನೆಯ ಕಡ್ಡಿ ಎತ್ತಿಕೊಂಡರು. ಕಾಯಿಸದೆಯೇ ಹಾಯಿಸಿದರು, ಮತ್ತೆ ಮತ್ತೆ ಹಾಯಿಸಿದರು. ಅಂಚು ಬಿರಿಯಿತು. ಕೊನೆಗೆ ಪಟ್ಟಿ ಎರಡು ತುಂಡಾಯಿತು.

ಆಚಾರ್ರು ತುಂಡನ್ನೂ ಬಳೆಯನ್ನೂ ಒರೆಗಲ್ಲಿಗೆ ತಿಕ್ಕಿ ತೋರಿಸಿದರು. ಎರಡು ಗೆರೆಗಳಿಗೂ ಒಂದೇ ಬಣ್ಣ.

"ಕಲ್ಲು ನಿಮ್ಮದೇ ಅಲ್ವಾ?" ಎಂದರು ದೊಡ್ಡಮ್ಮ.

ಮತ್ತೆ ಕರಗಿಸಿ ಮಾಡಿಕೊಡುತ್ತೇನೆಂದರೂ ದೊಡ್ಡಮ್ಮ ಒಪ್ಪಲಿಲ್ಲ. ಆಚಾರ್ರು ತುಂಡುಗಳನ್ನು ಅವರ ಅಂಗೈಯಲ್ಲಿಟ್ಟು, ಪೆಟ್ಟಿಗೆ ಮುಚ್ಚಿ ಹೊರಟರು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಅಮ್ಮನದೆಂದು ಉಳಿದದ್ದು ಆ ಚಿನ್ನವೊಂದೇ. ಆಚಾರ್ರು ನಿಜವಾಗಿಯೂ ಏನಾದರೂ ಸೇರಿಸಿದರೋ ಎಂಬ ಹುಳ ನನ್ನ ತಲೆಯನ್ನೂ ಹೊಕ್ಕಿತು.

ಎಷ್ಟೋ ವರ್ಷಗಳ ಮೇಲೆ ಮಗನ ಕಾಲೇಜು ಪುಸ್ತಕದಲ್ಲಿ ಓದಿದೆ. ಲೋಹವೆಂದರೆ ಸಣ್ಣ ಸಣ್ಣ ಹರಳುಗಳ ರಾಶಿಯಂತೆ. ಉರುಳೆಗೆ ಸಿಕ್ಕಾಗ ಅವು ಉದ್ದಕ್ಕೆ ಎಳೆದುಕೊಂಡು, ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ತಿರುಗಿ ಗಡುಸಾಗುತ್ತವೆ. ಕಾಯಿಸಿದರೆ ಅವುಗಳ ಜಾಗದಲ್ಲಿ ಹೊಸ ಹರಳುಗಳು ಹುಟ್ಟಿ, ಬೇರೆ ದಿಕ್ಕಿಗೆ ಮುಖ ಮಾಡಿ ಬೆಳೆಯುತ್ತವೆ. ಲೋಹ ಮತ್ತೆ ಮೆತ್ತಗಾಗುತ್ತದೆ. ಕಾಯಿಸದೆ ಎಳೆಯುತ್ತಲೇ ಹೋದರೆ, ಏನನ್ನೂ ಸೇರಿಸದಿದ್ದರೂ ಒಡೆಯುತ್ತದೆ. ಹೇಳೋಣವೆಂದರೆ ಅಷ್ಟರಲ್ಲಿ ದೊಡ್ಡಮ್ಮನೂ ಇರಲಿಲ್ಲ, ಆಚಾರ್ರೂ ಇರಲಿಲ್ಲ.

ಮದುವೆ ಒಂದೇ ಬಳೆಯಲ್ಲಿ ನಡೆದುಹೋಗಿತ್ತು. ಕೊಯಿಲದ ಗಂಡನ ಮನೆಗೆ ಬಂದ ಮರುದಿನ ಅತ್ತೆ, ಗಾಜಿನ ಬಳೆ ಮಾತ್ರ ಇದ್ದ ನನ್ನ ಎಡಗೈ ಹಿಡಿದು ಕೇಳಿದರು: "ಜೋಡಿ ಅಂತ ಹೇಳಿದ್ರಲ್ಲ, ಇನ್ನೊಂದು ಎಲ್ಲುಂಟು?"

ನಡೆದದ್ದನ್ನು ಹೇಳಿ, ದೊಡ್ಡಮ್ಮ ಕೊಟ್ಟು ಕಳಿಸಿದ್ದ ತುಂಡುಗಳನ್ನು ತಂದುಕೊಟ್ಟೆ. ಅವರು ಅವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ನನ್ನ ಬಲಗೈಯ ಚಿನ್ನದ ಬಳೆ ನೋಡಿದರು.

"ಅದನ್ನೂ ತೆಗಿ, ಒರೆಗೆ ಹಚ್ಚಿ ನೋಡುವ," ಎಂದರು.