ತೊಗರಿ ಗೋದಾಮಿನ ಚಿತ್ರಶಾಲೆಗೆ ಸಾವಿರ ಜನ

೧೯೯೮ನೇ ಇಸವಿ ನವೆಂಬರ್ ೧, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ. ಬಸವಕಲ್ಯಾಣದಲ್ಲಿ ಕೋಟೆಯ ಕಡೆ ಹೋಗುವ ರಸ್ತೆಯ ಒಂದು ತೊಗರಿ ಗೋದಾಮಿನ ಬಾಗಿಲ ಮೇಲೆ ಪೇಂಟರ್ ಚಾಚಾ ತಾವೇ ಬರೆದ ಬೋರ್ಡನ್ನು ನೇತುಹಾಕಿದರು. ಕನ್ನಡ, ಉರ್ದು, ಮರಾಠಿ ಮೂರರಲ್ಲೂ ‘ಹೊಸ ಚಿತ್ರಶಾಲೆ’ ಎಂದಿತ್ತು. ಹತ್ತಕ್ಕೆ ಸರಿಯಾಗಿ ಹಾಕಬೇಕಿತ್ತು. ಮೊಳೆ ಬಗ್ಗಿದ್ದರಿಂದ ಐದು ನಿಮಿಷ ತಡವಾಯಿತು. ಬಗ್ಗಿದ ಮೊಳೆಗಳು ಮೂರು.

ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಆಗ ನನಗೆ ಹತ್ತೊಂಬತ್ತು ವರ್ಷ, ಡಿಗ್ರಿ ಎರಡನೇ ವರ್ಷ, ಮತ್ತು ಕಂಡದ್ದನ್ನೆಲ್ಲ ತಾರೀಖು ಹಾಕಿ ಬರೆದಿಡುವ ಚಟ. ಹುಮನಾಬಾದ್ ಬಸ್ಸು ತಿಂಗಳಲ್ಲಿ ಎಷ್ಟು ದಿನ ತಡ, ನಮ್ಮ ಮನೆಯಲ್ಲಿ ವಾರಕ್ಕೆ ಎಷ್ಟು ರೊಟ್ಟಿ, ಎಲ್ಲವೂ ನನ್ನ ನೋಟುಪುಸ್ತಕದಲ್ಲಿತ್ತು. “ಇಕಿ ಕೈಯಾಗ ಪೆನ್ನ ಕೊಟ್ರ ಇರಿವಿ ಸೈತ ಎಣಸ್ತಾಳ” ಎಂದು ಅವ್ವ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು. ನಾನು ಒಮ್ಮೆ ಎಣಿಸಿಯೂ ಇದ್ದೆ. ಇನ್ನೂರ ಹನ್ನೊಂದಕ್ಕೆ ಸಾಲು ಕೆಟ್ಟಿತು.

ಪೇಂಟರ್ ಚಾಚಾ ನಮ್ಮ ಪಕ್ಕದ ಮನೆಯವರು. ಅರವತ್ತು ದಾಟಿದ್ದರು. ಬಸವಕಲ್ಯಾಣದಿಂದ ಹುಮನಾಬಾದಿನವರೆಗೆ ಅವರ ಕುಂಚ ತಾಗದ ಅಂಗಡಿ ಬೋರ್ಡು ಕಡಿಮೆ. ಬೋರ್ಡು ಬರೆದು ಮಿಕ್ಕ ಬಣ್ಣದಲ್ಲಿ ಅವರು ಹಳೆಯ ತಗಡುಗಳ ಮೇಲೆ ತಮ್ಮದೇ ಚಿತ್ರ ಮಾಡುತ್ತಿದ್ದರು. ಅದರಲ್ಲಿ ದೇವರಿಲ್ಲ, ಮನುಷ್ಯರಿಲ್ಲ, ನವಿಲೂ ಇಲ್ಲ. ಕೆಂಪಿನ ಕೆಳಗಿನಿಂದ ಇಣುಕುವ ಹಸಿರು, ಒಂದು ಹಳದಿ ಪಟ್ಟಿ, ಎಲ್ಲೋ ಶುರುವಾಗಿ ಎಲ್ಲಿಗೂ ಹೋಗದ ಕರಿ ಗೆರೆ. ಮೂವತ್ತು ವರ್ಷದಲ್ಲಿ ಇಪ್ಪತ್ಮೂರು ಚಿತ್ರ. ಅಷ್ಟೂ ಗೋಣಿಚೀಲದಲ್ಲಿ ಸುತ್ತಿಕೊಂಡು ಮಂಚದ ಕೆಳಗೆ ಮಲಗಿದ್ದವು.

ಗೋದಾಮು ಬೇಳೆ ವ್ಯಾಪಾರದ ಸಾಹುಕಾರರದು. ಹೊಸ ತೊಗರಿ ಬರುವವರೆಗೆ ಅದು ಬರಿದಾಗಿರುತ್ತಿತ್ತು. ಚಾಚಾ ಹೋಗಿ ಕೇಳಿದಾಗ ನಾನೂ ಜೊತೆಗಿದ್ದೆ.

“ಇಟ್ಕೋ” ಎಂದರು ಸಾಹುಕಾರರು. “ಖರೆ ಒಂದ್ ಮಾತು. ಸಂಕ್ರಾಂತಿ ಒಳಗ ಸಾವಿರ ಮಂದಿ ಬಂದ್ ನಿನ್ನ ಚಿತ್ರ ನೋಡ್ಬೇಕು. ನೋಡಿದ್ರ ಜಾಗಾ ಕಾಯಂ ನಿಂದು. ಇಲ್ಲಾಂದ್ರ ತೊಗರಿದು.”

“ಸಾವಿರಾ? ನಾ ಬರದ ಬೋರ್ಡ್ ದಿನಾ ಸಾವಿರ ಮಂದಿ ನೋಡ್ತಾರ ಸಾಹುಕಾರ್ರ!”

“ಬೋರ್ಡ್ ನೋಡಿದ್ರ ಒಳಗ ಸಾಮಾನು ಸಿಗ್ತದ. ನಿನ್ನ ಚಿತ್ರ ನೋಡಿದ್ರ ಏನ್ ಸಿಗ್ತದಪಾ?”

ಸಾಹುಕಾರರು ನನ್ನ ಕಡೆ ತಿರುಗಿ, “ಲೆಕ್ಕ ಈ ಹುಡಿಗಿ ಬರೀಲಿ. ಇಕಿ ಸುಳ್ಳ ಬರಿಯಾಂಗಿಲ್ಲ” ಎಂದರು. ಹಾಗೆ ಇಪ್ಪತ್ಮೂರು ಚಿತ್ರ ಗೋಡೆಯ ಮೇಲೆ ಉಳಿಯುತ್ತವೋ ಮತ್ತೆ ಮಂಚದ ಕೆಳಗೆ ಹೋಗುತ್ತವೋ ಎಂಬುದು ನನ್ನ ರಜಿಸ್ಟರಿಗೆ ಬಂದು ಕುಳಿತಿತು. ಹೆಮ್ಮೆಯಿಂದ ಆ ದಿನ ಎರಡು ರೊಟ್ಟಿ ಜಾಸ್ತಿ ತಿಂದೆ.

ಮೊದಲ ಇಪ್ಪತ್ತೊಂದು ದಿನದಲ್ಲಿ ಬಂದವರು ಅರವತ್ನಾಲ್ಕು. ಇವರಲ್ಲಿ ಹತ್ತೊಂಬತ್ತು ಜನ ಸತ್ತ ಹಿರಿಯರ ಫೋಟೋಗೆ ಕಟ್ಟು ಹಾಕಿಸಲು ಬಂದವರು, ಎಂಟು ಜನ ತೊಗರಿಬೇಳೆ ಕೇಳಲು ಬಂದವರು. ಬಂದ ಮೇಲೆ ಚಿತ್ರವನ್ನೂ ನೋಡಿದ್ದರಿಂದ ಎಣಿಸಿದೆ. ಎರಡು ಆಡು ಬಂದಿದ್ದವು, ಎಣಿಸಲಿಲ್ಲ. ಮಂಠಾಳದ ಒಬ್ಬ ಅಜ್ಜ ಏಳನೇ ನಂಬರಿನ ಚಿತ್ರದ ಮುಂದೆ ಬಹಳ ಹೊತ್ತು ನಿಂತು ಕೇಳಿದ: “ಇದು ಯಾವ ದೇವ್ರು?”

“ದೇವ್ರಲ್ಲ ಅಜ್ಜಾ, ಬಣ್ಣ” ಎಂದೆ.

“ಬಣ್ಣ ಅನ್ನೂದು ಕಾಣ್ತದ. ಯಾರಿಗಿ ಹಚ್ಚಾಕ ಇಟ್ಟೀ?”

ಇದೇ ಗತಿಯಲ್ಲಿ ನಡೆದರೆ ಸಂಕ್ರಾಂತಿಗೆ ಇನ್ನೂರ ಇಪ್ಪತ್ತೆಂಟು ಜನ ಆಗುತ್ತಾರೆ ಎಂದು ಲೆಕ್ಕ ಹಾಕಿ ತೋರಿಸಿದೆ. “ಜರಾ ತಪ್ಪ ಲೆಕ್ಕ ಮಾಡಾಕ ಬರಲ್ಲೇನ್ ಬೇಟಿ ನಿನಗ?” ಎಂದರು ಚಾಚಾ.

ನವೆಂಬರ್ ೨೨, ಭಾನುವಾರ, ಹನ್ನೊಂದೂಕಾಲು. ನಮ್ಮ ಓಣಿಯ ಒಂದು ಮನೆಗೆ ಹುಮನಾಬಾದಿನಿಂದ ಹೆಣ್ಣು ನೋಡಲು ಒಂಬತ್ತು ಜನ ಬಂದರು. ಬಂದರೆ ಕೂರಿಸುವುದೆಲ್ಲಿ? ಪಡಸಾಲೆಗೆ ಹಿಂದಿನ ಸಂಜೆಯಷ್ಟೇ ಸಿಮೆಂಟು ಹಾಕಿಸಿದ್ದರು, ಅದು ಇನ್ನೂ ಹಸಿ. ಹುಡುಗಿಯ ಅಪ್ಪ ಗಾಬರಿಯಲ್ಲಿ ಎಲ್ಲರನ್ನೂ ಚಿತ್ರಶಾಲೆಗೆ ಕರೆತಂದು, “ಸಿಮೆಂಟ್ ಒಣಗೂತನ ಚಿತ್ರ ನೋಡ್ರಿ” ಎಂದ. ಹಿಂದಿನಿಂದ ಹುಡುಗಿಯ ಕಡೆಯವರು ಏಳು ಜನ ಬಂದರು. ಹುಡುಗ ಹುಡುಗಿ ಇಬ್ಬರನ್ನೂ ಏಳನೇ ಚಿತ್ರದ ಮುಂದೆ ನಿಲ್ಲಿಸಿ ಹಿರಿಯರು ಬಾಗಿಲ ಬಳಿ ಚಹಾ ಕುಡಿದರು. ಇಪ್ಪತ್ತೆರಡು ನಿಮಿಷ. ಮಂಗಳವಾರ ಒಪ್ಪಿಗೆ ಬಂತು.

ಅಲ್ಲಿಂದ ಮುಂದೆ ನನಗೆ ಉಸಿರಾಡಲು ಪುರುಸೊತ್ತಿಲ್ಲ. ಮನೆಗೆ ಬಂದು ಹೆಣ್ಣು ನೋಡಿ, ಉಪ್ಪಿಟ್ಟು ತಿಂದು, ಆಮೇಲೆ ಬೇಡವೆಂದರೆ ಓಣಿಗೆಲ್ಲ ಗೊತ್ತಾಗುತ್ತದೆ. ಚಿತ್ರಶಾಲೆಯಲ್ಲಿ ಆ ಭಯವಿಲ್ಲ. ಅಲ್ಲಿ ಯಾರೂ ಯಾರನ್ನೂ ನೋಡಲು ಬಂದಿಲ್ಲ, ಎಲ್ಲರೂ ಚಿತ್ರ ನೋಡಲು ಬಂದವರು! ಎಲ್ಲ ಓಣಿಯವರೂ, ಎಲ್ಲ ಜಾತಿಯವರೂ ಬಂದರು. ಬೇಮಳಖೇಡದವರು ಒಂದು ಬುಟ್ಟಿ ಮಂಡಕ್ಕಿ ಸುಸಲ ಕಟ್ಟಿಕೊಂಡೇ ಬಂದು ಹದಿನೈದನೇ ಚಿತ್ರದ ಕೆಳಗೆ ಪಂಕ್ತಿ ಕುಳಿತರು. ಡಿಸೆಂಬರ್ ಹದಿನಾರಕ್ಕೆ ಧನುರ್ಮಾಸ ಶುರುವಾದಾಗ ಎಲ್ಲ ನಿಲ್ಲುತ್ತದೆಂದು ನಾನು ಹೆದರಿದೆ. ಆಗಲೇ ಜನ ಇಮ್ಮಡಿಯಾದರು. ಧನುರ್ಮಾಸದಲ್ಲಿ ಹೆಣ್ಣು ನೋಡುವಂತಿಲ್ಲ, ನಿಜ. ಚಿತ್ರ ನೋಡಬಾರದೆಂದು ಯಾವ ಪಂಚಾಂಗದಲ್ಲೂ ಇಲ್ಲವಲ್ಲ.

ನಲವತ್ತು ನಿಮಿಷಕ್ಕೊಂದು ಪಾಳಿ ಮಾಡಿದೆ. ಆದರೂ ಒಂದು ಭಾನುವಾರ ಐದು ಮನೆಯವರು ಒಟ್ಟಿಗೆ ನುಗ್ಗಿದರು. ದಪ್ಪ ಬಳೆಯ ಒಬ್ಬ ಅತ್ತೆಮ್ಮ ನೇರ ನನ್ನ ಮೇಜಿಗೆ ಬಂದು ಗದ್ದ ಹಿಡಿದು ಎತ್ತಿದಳು.

“ಅಡಗಿ ಬರ್ತದೇನವಾ?”

“ನಾ ಹುಡಿಗಿ ಅಲ್ರಿ!”

“ಮತ್ತ ಹುಡುಗನೇನು?”

“ಅಲ್ರಿ, ನಾ ಇಲ್ಲಿ ರಜಿಸ್ಟರ್ ಬರಿಯಾಕ ಕುಂತೇನ್ರಿ.”

“ಏ, ಇಕಿಗಿ ಬರಿಯಾಕೂ ಬರ್ತದಂತ!” ಎಂದು ಅವಳು ಇಡೀ ಗೋದಾಮಿಗೆ ಕೇಳುವಂತೆ ಕೂಗಿ, ನನ್ನ ಎತ್ತರವನ್ನು ಗೇಣಿನಿಂದ ಅಳೆದಳು. ಏಣಿಯ ಮೇಲಿದ್ದ ಚಾಚಾ ನಕ್ಕು ನಕ್ಕು ಹದಿನೆಂಟನೇ ಚಿತ್ರವನ್ನು ತಲೆಕೆಳಗಾಗಿ ತೂಗುಹಾಕಿದರು. ಅದು ಹಾಗೆಯೇ ಚೆನ್ನಾಗಿದೆ ಎಂದು ಕೊನೆಯವರೆಗೂ ಬಿಟ್ಟರು.

೧೯೯೯ ಜನವರಿ ೧೧, ಸೋಮವಾರ. ಒಟ್ಟು ಒಂಬೈನೂರ ಐವತ್ತೆಂಟು. ಸಾಹುಕಾರರು ಲೆಕ್ಕ ನೋಡಲು ಬಂದರು. ಬಾಗಿಲಲ್ಲೇ ನಿಂತು, ಒಂದು ಚಿತ್ರದ ಕಡೆಗೂ ಕಣ್ಣೆತ್ತದೆ, ರಜಿಸ್ಟರು ತೆರೆದರು. ಹಾಳೆ ತಿರುವುತ್ತಿದ್ದವರ ಬೆರಳು ನಿಂತಿತು.

“ನಡಬರ್ಕ ಈ ಗೆರಿ ಯಾಕ ಎಳದೀ?”

ನಾನು ಖುಷಿಯಲ್ಲಿ ಹೇಳಿದೆ: “ಎಡಕ್ಕ ಇದ್ದವ್ರು ಚಿತ್ರ ನೋಡಾಕ ಬಂದವ್ರು ರಿ. ಬಲಕ್ಕ ಇದ್ದವ್ರು ಹೆಣ್ಣ ನೋಡಾಕ ಬಂದವ್ರು.” ಹೇಳಿ ಮುಗಿಯುವಷ್ಟರಲ್ಲಿ ಚಾಚಾರ ಮುಖ ಕಂಡಿತು. ಆಗ ತಿಳಿಯಿತು ಏನು ಮಾಡಿದೆನೆಂದು. ಯಾರೂ ಕೇಳದಿದ್ದ ಆ ಗೆರೆಯನ್ನು ನಾನೇ, ಸ್ಕೇಲು ಇಟ್ಟು, ಕೆಂಪು ಶಾಯಿಯಲ್ಲಿ, ಪ್ರತಿ ಪುಟದಲ್ಲೂ ಎಳೆದಿದ್ದೆ. ಎಡಕ್ಕೆ ಇನ್ನೂರ ಐದು. ಬಲಕ್ಕೆ ಏಳುನೂರ ಐವತ್ಮೂರು.

“ಇನ್ನೂರ ಐದು” ಎಂದು ಸಾಹುಕಾರರು ರಜಿಸ್ಟರು ಮುಚ್ಚಿದರು. “ಪೇಂಟರ್, ನಾ ಅಂದಿಲ್ಲ, ನಿನ್ನ ಹುಡಿಗಿನೇ ಅಂತಾಳ. ಬುಧವಾರ ಮಧ್ಯಾಹ್ನ ತೊಗರಿ ಲಾರಿ ಬರ್ತದ.”

ಅವರು ಹೋದ ಮೇಲೆ ನಾನು ಅತ್ತೆ. ಚಾಚಾ ಪಕ್ಕದಲ್ಲಿ ಬಂದು ಕುಳಿತರು. “ಜಿಂದಗಿ ತುಂಬ ಬೋರ್ಡಿಗಿ ಬಾರ್ಡರ್ ಹಾಕೀನಿ ಬೇಟಿ. ಒಂದೂ ನನ್ನ ಕುತ್ತಿಗಿಗಿ ಬಂದಿದ್ದಿಲ್ಲ” ಎಂದರು. ಅಳುತ್ತಲೇ ನಗು ಬಂತು, ಬಿಕ್ಕಳಿಕೆ ಹತ್ತಿತು. ಅದು ಹದಿನೇಳು ಬಾರಿ.

ಮರುದಿನ ನಂಬಲಾಗದ ಸುದ್ದಿ. ಸಾಹುಕಾರರ ಮೊಮ್ಮಗಳಿಗೆ ಹುಮನಾಬಾದಿನ ಒಂದು ವರ ಬಂದಿತ್ತು. ಆ ಮನೆಯವರು ಬುಧವಾರವೇ ಬರುತ್ತೇವೆ, ಚಿತ್ರಶಾಲೆಯಲ್ಲೇ ಆಗಲಿ ಎಂದಿದ್ದರು. ಧನುರ್ಮಾಸ ಮುಗಿಯಲು ಇನ್ನೂ ಒಂದು ದಿನವಿತ್ತು, ಸಾಹುಕಾರರೋ ಪಂಚಾಂಗ ನೋಡದೆ ಕ್ಷೌರವನ್ನೂ ಮಾಡಿಸಿಕೊಳ್ಳದವರು. ಆದರೂ ಒಪ್ಪಿದ್ದರು.

ಜನವರಿ ೧೩, ಬುಧವಾರ, ಹನ್ನೊಂದು ಗಂಟೆ. ನಡುವೆ ಬಂದ ಹದಿನಾಲ್ಕು ಜನ ಸೇರಿ ಒಂಬೈನೂರ ಎಪ್ಪತ್ತೆರಡಾಗಿತ್ತು. ಎರಡೂ ಕಡೆಯವರು ಸೇರಿ, ಸಾಹುಕಾರರೂ ಸೇರಿ, ಹತ್ತೊಂಬತ್ತು ಜನ ಒಳಗೆ ಬಂದರು. ಹುಡುಗ ಹುಡುಗಿಯನ್ನು ಎಂದಿನಂತೆ ಏಳನೇ ಚಿತ್ರದ ಮುಂದೆ ನಿಲ್ಲಿಸಿದರು. ವರನ ಅಜ್ಜ, ಬಿಳಿ ರುಮಾಲಿನವರು, ಸಾಹುಕಾರರ ಕಿವಿಯಲ್ಲಿ ಎಲ್ಲರಿಗೂ ಕೇಳುವಂತೆ ಕೇಳಿದರು: “ಧನುರ್ಮಾಸದಾಗ ಹೆಣ್ಣ ತೋರಸಾಕತ್ತೀರಲ್ರಿ, ನಡೀತದೇನು?”

“ಹೆಣ್ಣ ಯಾರ್ ತೋರಸಾಕತ್ತಾರ್ರೀ?” ಎಂದರು ಸಾಹುಕಾರರು. “ನಾವು ಚಿತ್ರ ನೋಡಾಕ ಬಂದೀವಿ.”

ನನ್ನ ಪೆನ್ನು ಕೈಯಲ್ಲೇ ಇತ್ತು. ಎದ್ದು ನಿಂತು, ರಜಿಸ್ಟರು ತೆರೆದು ಹಿಡಿದು, ಆದಷ್ಟು ಸಭ್ಯವಾಗಿ ಕೇಳಿದೆ: “ಸಾಹುಕಾರ್ರ, ನಿಮ್ಮನ್ನ ಯಾವ ಕಡಿ ಬರೀಲ್ರಿ? ಎಡಕ್ಕೋ, ಬಲಕ್ಕೋ?”

ಸಾಹುಕಾರರು ಬಿಳಿ ರುಮಾಲನ್ನು ನೋಡಿದರು, ಕೆಂಪು ಗೆರೆಯನ್ನು ನೋಡಿದರು. ಬಲಕ್ಕೆ ಎಂದರೆ ಧನುರ್ಮಾಸ ಮುರಿದಂತೆ. ಎಡಕ್ಕೆ ಎಂದರೆ ಉಳಿದ ಏಳುನೂರು ಚಿಲ್ಲರೆ ಜನ ಏನು ಪಾಪ ಮಾಡಿದ್ದರು? ತಪ್ಪಿಸಿಕೊಳ್ಳಲು ಅವರು ವರನನ್ನು ಕರೆದರು. “ತಮ್ಮಾ, ನಮ್ಮ ಹುಡಿಗಿ ಸೀರಿ ಯಾವ ಬಣ್ಣದ್ದದ, ಹೇಳು.”

ಹುಡುಗ ತಲೆ ತಗ್ಗಿಸಿದ. “ನೋಡಿಲ್ರಿ.”

“ಅರ್ಧಾ ತಾಸು ಬಾಜೂಕ ನಿಂತಿದ್ದೆಲ್ಲೋ! ಏನ್ ನೋಡ್ದಿ?”

“ನಾಚಿಕಿ ಬಂತ್ರಿ. ಅದಕ ಚಿತ್ರನೇ ನೋಡ್ದೆ. ಕೆಂಪಿನ ಕೆಳಗ ಹಸರ ಅದ ರಿ, ಎಡಕಿನ ಮೂಲ್ಯಾಗ. ಹಳದಿ ಪಟ್ಟಿಗಿ ಒಂದು ಸೊಳ್ಳಿ ಅಂಟೇದ. ಕರಿ ಗೆರಿ ಮೂರ್ ಕಡಿ ಮುರಿದದ ರಿ.”

“ನಾಕ್ ಕಡಿ” ಎಂದಿತು ಒಂದು ಸಣ್ಣ ಧ್ವನಿ. ಸಾಹುಕಾರರ ಮೊಮ್ಮಗಳು! “ಕೆಳಗಿಂದು ಎಣಿಸಿಲ್ಲ ಅವ್ರು.”

“ಅದು ಮುರಿದದ್ದಲ್ಲ, ಬಾಗಿದ್ದು.”

“ಬಾಗಿದ್ರ ನಡಬರ್ಕ ಕೆಂಪ ಹ್ಯಾಂಗ ಕಾಣ್ತದ?”

ಇಬ್ಬರೂ ವಾದ ಮಾಡುತ್ತ ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ಹೋದರು. ಹಿರಿಯರೆಲ್ಲ ಹಿಂದೆಯೇ ಹೋದರು. ಸಾಹುಕಾರರೂ ಹೋದರು, ಕನ್ನಡಕ ಹಾಕಿಕೊಂಡು, ಬೆರಳು ಚಾಚಿ, ಒಂದು ಎರಡು ಎಂದು ಎಣಿಸಿದರು. ಎಣಿಸಿ ಮುಗಿದ ಮೇಲೂ ಅಲ್ಲೇ ನಿಂತರು. ನನ್ನ ಗಡಿಯಾರದಲ್ಲಿ ಆರು ನಿಮಿಷ. ಚಾಚಾ ಗೋಡೆಗೆ ಒರಗಿ ಅವರ ಬೆನ್ನನ್ನೇ ನೋಡುತ್ತಿದ್ದರು.

“ನಾಕೇ” ಎಂದರು ಸಾಹುಕಾರರು ಕೊನೆಗೆ. ಆಮೇಲೆ ನನಗೆ, “ಆ ಗೆರಿ ಅಳಸಿಬಿಡವ್ವ. ಎಲ್ಲಾರೂ ಒಂದೇ ಕಡಿ.”

ಶಾಯಿಯ ಗೆರೆ ಅಳಿಸಲು ಬರುವುದಿಲ್ಲ. ಒಟ್ಟು ಮಾತ್ರ ಒಂದೇ ಮಾಡಿದೆ: ಒಂಬೈನೂರ ತೊಂಬತ್ತೊಂದು. ಒಂಬತ್ತು ಕಡಿಮೆ! ಮರುದಿನ ಸಂಕ್ರಾಂತಿ, ಊರೆಲ್ಲ ಹೊಲಕ್ಕೆ ಹೋಗಿಬಿಡುತ್ತದೆ. “ಒಂಬತ್ತ ನೀನೇ ಬರ್ಕೋ” ಎಂದರು ಸಾಹುಕಾರರು. “ಬರಿಯಾಕ ಬರಲ್ಲ ರಿ” ಎಂದೆ. ಅವರು ಗದರಲು ಬಾಯಿ ತೆಗೆದರು. ಅದೇ ಹೊತ್ತಿಗೆ ಹೊರಗೆ ಹಾರ್ನು ಕೇಳಿತು. ತೊಗರಿ ಲಾರಿ.

ಹಮಾಲರು ಹತ್ತು ಜನ ಆಗಲೇ ಹೆಗಲಿಗೆ ಚೀಲ ಏರಿಸುತ್ತಿದ್ದರು. ಸಾಹುಕಾರರು ಬರಿಗಾಲಲ್ಲಿ ಓಡಿದರು. “ಏ, ಇಳಸಬ್ಯಾಡ್ರಿ! ಚೀಲಾ ಅಲ್ಲೇ ಬಿಡ್ರಿ! ಒಳಗ ಬರ್ರಿ, ಚಿತ್ರ ನೋಡ್ರಿ!”

“ಏನ್ ತಪ್ಪಾತ್ರೀ ಧಣಿ?” ಎಂದ ಹಿರಿಯ ಹಮಾಲ ಹೆದರಿ.

“ತಪ್ಪಿಲ್ಲೋ. ನೋಡ್ರಿ ಅಷ್ಟೇ. ಸಾವಕಾಶ ನೋಡ್ರಿ!”

ಹತ್ತು ಹಮಾಲರು, ಡ್ರೈವರ್, ಕ್ಲೀನರ್. ಒಟ್ಟು ಒಂದು ಸಾವಿರದ ಮೂರು. ಹನ್ನೆರಡು ಗಂಟೆ ಇಪ್ಪತ್ತು ನಿಮಿಷ. ಸಾವಿರನೆಯವನು ಆ ಹಿರಿಯ ಹಮಾಲನೇ. ಒಂಬತ್ತನೇ ಚಿತ್ರದ ಮುಂದೆ ನಿಂತು ಅವನು ಹೇಳಿದ: “ಇದರಾಗ ಏನೂ ಇಲ್ರಿ. ಖರೆ, ಬಿಟ್ಟ್ ಹೋಗಾಕ ಮನಸ ಬರವಲ್ದು.” ಚಾಚಾ ಅವನಿಂದ ಆ ಮಾತನ್ನು ಮೂರು ಬಾರಿ ಹೇಳಿಸಿಕೊಂಡರು. ತೊಗರಿಯೆಲ್ಲ ಸಾಹುಕಾರರ ಮನೆಯ ದೊಡ್ಡ ಪಡಸಾಲೆಗೆ ಹೋಯಿತು. ಯುಗಾದಿಯ ನಂತರ ನಡೆದ ಮೊಮ್ಮಗಳ ಮದುವೆಯಲ್ಲಿ ನಾವು ಚೀಲಗಳ ಮೇಲೆಯೇ ಕುಳಿತು ಊಟ ಮಾಡಿದೆವು.

ಆಮೇಲೆ ಹುಮನಾಬಾದಿನ ಒಬ್ಬ ಡ್ರಾಯಿಂಗ್ ಮಾಸ್ತರರು ತಮ್ಮ ಚಿತ್ರ ತಂದು ತೂಗುಹಾಕಿದರು. ಕಲಬುರ್ಗಿಯಲ್ಲಿ ಚಿತ್ರ ಕಲಿತ ಇಬ್ಬರು ಹುಡುಗಿಯರು ಬಂದು ಕಬ್ಬಿಣದ ತುಂಡುಗಳಿಂದ ಏನೋ ಮಾಡಿ ನಡುವೆ ನಿಲ್ಲಿಸಿದರು. ೨೦೦೧ರ ಜೂನ್‌ನಲ್ಲಿ ನನಗೆ ಹುಮನಾಬಾದಿನಲ್ಲಿ ಕೆಲಸ ಸಿಕ್ಕಿತು, ರಜಿಸ್ಟರನ್ನು ಬೇರೆಯವರ ಕೈಗೆ ಕೊಟ್ಟೆ. ಕೊಟ್ಟ ದಿನದವರೆಗಿನ ಒಟ್ಟು ಆರು ಸಾವಿರದ ನಾನೂರ ಹನ್ನೆರಡು. ಅಲ್ಲಿಂದ ೨೦೦೫ರವರೆಗೆ ಬರೆದ ಎರಡು ರಜಿಸ್ಟರು ಮಾತ್ರ ಎಲ್ಲಿವೆ ಎಂದು ಚಾಚಾರಿಗೂ ಗೊತ್ತಿಲ್ಲ, ಸಾಹುಕಾರರ ಮನೆಯಲ್ಲೂ ಇಲ್ಲ. ಆ ನಾಲ್ಕು ವರ್ಷದಲ್ಲಿ ನೀವು ಅಲ್ಲಿಗೆ ಹೋಗಿದ್ದರೆ, ಅಥವಾ ಅಲ್ಲಿ ಚಿತ್ರ ತೂಗುಹಾಕಿದ್ದರೆ, ಅಥವಾ ಆ ರಜಿಸ್ಟರುಗಳು ನಿಮ್ಮ ಅಟ್ಟದ ಮೇಲಿದ್ದರೆ, ನೀವು ಈಗ ಓದುತ್ತಿರುವ ಈ ಪುಸ್ತಕದ ಪ್ರಕಾಶಕರಿಗೆ ಒಂದು ಕಾಗದ ಹಾಕಿರಿ. ಎಷ್ಟು ಜನ ಹೋಗಿದ್ದಿರಿ, ಯಾವ ದಿನ, ಸಾಧ್ಯವಾದರೆ ಎಷ್ಟು ಗಂಟೆಗೆ ಎಂದೂ ಬರೆಯಿರಿ. ಅಂದಾಜಾದರೂ ನಡೆಯುತ್ತದೆ, ಅಂದಾಜು ಎಂದು ಪಕ್ಕದಲ್ಲಿ ಬರೆದುಕೊಳ್ಳುತ್ತೇನೆ.